ಮಮದಾಪುರದ ಕೆರೆ ಮತ್ತು ಮಹಮ್ಮದ ಆದಿಲಶಹ

ವಿಜಯಪುರಕ್ಕೆ ಬರುವ ಪ್ರವಾಸಿಕನು ಗೋಲಗುಮ್ಮಟವನ್ನೇರಿ, ಒಮ್ಮೆ ಕೂಗಿ, ಮರುದನಿಯನ್ನು ಕೇಳಿ ತೃಪ್ತನಾಗಿ ಹಿಂದಿರುಗುತ್ತಾನೆ. ಆ ಗುಮ್ಮಟದಡಿ ಮಲಗಿರುವ ಮಹಮ್ಮದ ಆದಿಲಶಹನು ಬೊಕ್ಕಸವನ್ನು ಇನ್ನಾವ ಕಾರ್ಯಕ್ಕೆ ಬಿಚ್ಚಿದನೆಂದು ಕೇಳುವವರು ವಿರಳ. ನಾನಾದರೋ ಆತನನ್ನು ಅರಿತದ್ದು ಗುಮ್ಮಟದಿಂದಲ್ಲ, ಬಬಲೇಶ್ವರದ ಸೀಮೆಯ ಮಮದಾಪುರದ ಕೆರೆಯಿಂದ. ಮಹಮ್ಮದಾಪುರವೇ ಜನರ ನಾಲಗೆಯಲ್ಲಿ ಸವೆದು ಮಮದಾಪುರವಾಗಿದೆ.

ಸಂಗೀತಪ್ರಿಯನಾದ ಎರಡನೆಯ ಇಬ್ರಾಹಿಮನ ಮಗನೀತ. 1627ರಲ್ಲಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿ, ಅಣ್ಣ ದರ್ವೇಶನನ್ನು ಬದಿಗೊತ್ತಿದ ಆಸ್ಥಾನಿಕರು ಈತನನ್ನು ಸಿಂಹಾಸನಕ್ಕೇರಿಸಿದರು. ಹುಡುಗನು ದೊರೆಯಾದನು, ದೊರೆತನ ಮಾತ್ರ ಮಂತ್ರಿಗಳ ಕೈಯಲ್ಲುಳಿಯಿತು. 1630ರಿಂದ ಮೂರು ವರ್ಷ ದಖ್ಖನವನ್ನು ಘೋರ ಕ್ಷಾಮ ಸುಟ್ಟಿತು. ಅದರ ನಡುವೆಯೇ, 1631-32ರಲ್ಲಿ, ಶಹಜಹಾನನ ಸೇನಾನಿ ಆಸಫಖಾನನು ಬಿಜಾಪುರವನ್ನು ಮುತ್ತಿದನು. ಕಾಳಿಲ್ಲದೆ, ಕುದುರೆಗಳಿಗೆ ಮೇವಿಲ್ಲದೆ ಆ ದೊಡ್ಡ ದಂಡು ಕೆಲವೇ ದಿನಗಳಲ್ಲಿ ಹಿಂದೆಗೆಯಿತು. ಬರವು ಕೋಟೆಗಿಂತ ಗಟ್ಟಿಯಾಗಿ ನಿಂತಿತೆನ್ನಬೇಕು.

ಮಮದಾಪುರದ ದೊಡ್ಡ ಕೆರೆಯ ಕಾಲ ಇದರ ಬೆನ್ನಿಗೇ, 1633. ಗೋಲ್ಕೊಂಡದ ರಾಜಕುಮಾರಿ ಖದೀಜಾ ಸುಲ್ತಾನಾ ಈತನ ಕೈಹಿಡಿದು ಬಂದದ್ದೂ ಅದೇ ವರ್ಷ. ಕ್ಷಾಮದ ನೆನಪಿನಿಂದಲೇ ಕೆರೆ ಕಟ್ಟಿಸಿದನೆಂದು ನಾನು ಸಾಧಿಸಹೊರಟಿಲ್ಲ. ಆದರೆ ಮೂರು ವರ್ಷ ಹೊಲ ಬಿರಿದುದನ್ನು ಕಂಡವನಿಗೆ ನೀರಿನ ಬೆಲೆ ತಿಳಿಯದೆ ಇರುವುದೆಂತು?

ಇದೇ ಕೈ ಮೂರು ವರ್ಷಗಳ ತರುವಾಯ ಮಾಡಿದ ಕೆಲಸವನ್ನು ನೋಡಿ. 1636ರಲ್ಲಿ ಮೊಗಲರು ಮತ್ತೆ ಬಂದಾಗ ರಾಜಧಾನಿಯ ಹೊರವಲಯದ ಶಹಾಪುರ ಕೆರೆಯನ್ನು ಒಡೆಸಿ, ನೀರನ್ನು ಹರಿಯಬಿಟ್ಟು, ಸುತ್ತಣ ಜನರನ್ನು ಕೋಟೆಯೊಳಕ್ಕೆ ಸೇರಿಸಲಾಯಿತು. ವೈರಿಗೆ ಹನಿ ನೀರು ಸಿಗಬಾರದು! ಯುದ್ಧನೀತಿಯಲ್ಲಿ ಇದು ಜಾಣತನವೇ ಸರಿ. ಕೆರೆಯನ್ನು ನಂಬಿದ ಮೀನು, ಕೊಕ್ಕರೆ, ದಂಡೆಗೆ ಬರುವ ಚಿಗರಿಗಳ ಲೆಕ್ಕವನ್ನು ಯಾವ ಬಖೈರುಗಾರನೂ ಬರೆದಿಡಲಿಲ್ಲ. ಅದೇ ವರ್ಷ ಮೊಗಲರೊಡನೆ ಒಪ್ಪಂದವಾಯಿತು.

ಮುಂದಿನದು ಏಳಿಗೆಯ ಕತೆ. ಶಾಲೆಯ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ರಣದುಲ್ಲಾಖಾನನ ದಂಡು 1637ರಲ್ಲಿ ಇಕ್ಕೇರಿಯನ್ನು, 1638ರಲ್ಲಿ ಬೆಂಗಳೂರನ್ನು ಮುಟ್ಟಿತು. 1648ರಲ್ಲಿ ಶಹಜಹಾನನೇ ಈತನಿಗೆ ಶಹ ಎಂಬ ಬಿರುದನ್ನು ಒಪ್ಪಿಕೊಟ್ಟನು. ಆದರೆ 1646ರಿಂದಲೇ ದೇಹ ಬೇನೆಗೆ ಸಿಕ್ಕಿತ್ತು; ಹತ್ತು ವರ್ಷಗಳ ಆ ರುಗ್ಣತೆಯಲ್ಲಿ ಖದೀಜಾ ಸುಲ್ತಾನಾ ರಾಜ್ಯಭಾರದ ನೊಗಕ್ಕೆ ಹೆಗಲು ಕೊಟ್ಟಳು. 1651ರಲ್ಲಿ ಬೇಗಂ ತಲಾಬು ತುಂಬಿತು. ಮಣ್ಣಿನ ಕೊಳವೆಗಳಲ್ಲಿ ಅದರ ನೀರು ಊರೊಳಗೆ ಹರಿಯಿತು. 1656ರ ನವೆಂಬರಿನಲ್ಲಿ ಸುಲ್ತಾನನು ತೀರಿಕೊಂಡನು.

ರಾಜ್ಯದಲ್ಲಿ ಅರಣ್ಯವು ಅತಿ ಕಡಿಮೆ ಇರುವ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಇಂದು ಬೊಕ್ಕಸದ ಕೀಲಿ ಸುಲ್ತಾನನ ಸೊಂಟದಲ್ಲಿಲ್ಲ, ವಿಧಾನಸಭೆಯಲ್ಲಿದೆ. ಸರಕಾರದ ಹಣದಿಂದಲೇ ತುಬಚಿ-ಬಬಲೇಶ್ವರ ಮೊದಲಾದ ಏತ ನೀರಾವರಿಗಳು ಕೃಷ್ಣೆಯನ್ನು ತಿಕೋಟಾ, ಬಬಲೇಶ್ವರಗಳ ಒಣ ಸೀಮೆಗೆ ಎತ್ತಿ ತಂದವು. ಗಿಡ ನೆಡುವ ಅಭಿಯಾನಗಳೂ ನಡೆದವು. ಒಳ್ಳೆಯದೇ. ಆದರೆ ಈ ನಾಡಿನ ಸಹಜ ವನ್ಯಜೀವಿಗಳಾದ ಕೃಷ್ಣಮೃಗ, ತೋಳಗಳು ದಟ್ಟಡವಿಯ ಪ್ರಾಣಿಗಳಲ್ಲ. ಅವಕ್ಕೆ ಬೇಕಾದದ್ದು ಹುಲ್ಲಿನ ಬಟ್ಟಬಯಲು. ಕಡತದಲ್ಲಿ ಅಂತಹ ಬಯಲಿಗೆ ಬೀಳುಭೂಮಿಯೆಂಬ ಹೆಸರು. ಬೀಳೆಂದ ಮೇಲೆ ಅದನ್ನು ಕಾಯಲು ಹಣ ಕೇಳುವವರಾರು? ಹಿಂದೆ ಇದೇ ಜಿಲ್ಲೆಗೆ ಸೇರಿದ್ದು, 1997ರಲ್ಲಿ ಬಾಗಲಕೋಟೆಯ ಪಾಲಾದ ಯಡಹಳ್ಳಿಯ ಕುರುಚಲು ಗುಡ್ಡಗಳನ್ನು 2016ರಲ್ಲಿ ಸರಕಾರವು ಚಿಂಕಾರಗಳಿಗಾಗಿ ಅಭಯಾರಣ್ಯವೆಂದು ಸಾರಿತು. ಕುರುಚಲು ನೆಲಕ್ಕೂ ಅನುದಾನದ ಶೀರ್ಷಿಕೆ ದೊರೆಯಬಲ್ಲದೆಂಬುದಕ್ಕೆ ಅದೇ ಸಾಕ್ಷಿ. ಕೃಷ್ಣೆಯ ಈಚೆ ದಡದ ಚಿಗರಿಗಳು ಇಂದಿಗೂ ರೈತನ ಎರೆಹೊಲದಲ್ಲೇ ಮೇಯುತ್ತವೆ, ಅವನ ಕಡಲೆಯ ಖರ್ಚಿನಲ್ಲಿ.