ಮಠದ ತೋಟದ ಉಪಾಧ್ಯಾಯರು: ಗ್ರೆಗರ್ ಮೆಂಡೆಲ್

ಜೀವಶಾಸ್ತ್ರವನ್ನು ಐಚ್ಛಿಕವಾಗಿ ಆರಿಸಿಕೊಂಡು ಕಾಲೇಜು ಸೇರುವ ವಿದ್ಯಾರ್ಥಿಗೆ ಅನುವಂಶೀಯತೆಯ ಪಾಠವು ಮೆಂಡೆಲರ ಹೆಸರಿನಿಂದಲೇ ಆರಂಭವಾಗುವುದು. ಆ ಪಾಠದ ಬಲದಿಂದ ಸಸ್ಯತಳಿತಜ್ಞರೂ ವೈದ್ಯಸಂಶೋಧಕರೂ ಅಧ್ಯಾಪಕರೂ ಆಗಿ ಜೀವನೋಪಾಯ ಕಂಡವರು ಅಸಂಖ್ಯರು. ಆದರೆ ಆ ಮಹನೀಯರೇ ಅಧ್ಯಾಪಕ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಲಿಲ್ಲವೆಂಬುದನ್ನು ಬಲ್ಲವರು ವಿರಳ.

ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದು ಈಗ ಚೆಕ್ ಗಣರಾಜ್ಯದಲ್ಲಿರುವ ಹಳ್ಳಿಯೊಂದರಲ್ಲಿ, 1822ನೆಯ ಇಸವಿಯ ಜುಲೈ ತಿಂಗಳಲ್ಲಿ, ರೈತ ದಂಪತಿಗಳಿಗೆ ಯೋಹಾನ್ ಮೆಂಡೆಲ್ ಜನಿಸಿದರು. 1838ರಲ್ಲಿ ಮರದ ದಿಮ್ಮಿ ಬಿದ್ದು ತಂದೆ ದುಡಿಯಲಾರದಂತಾದಾಗ ಬಾಲಕನ ಓದು ನಿಲ್ಲುವ ಪರಿಸ್ಥಿತಿ ಒದಗಿತು. ಆಗ ತಂಗಿ ತೆರೇಸಿಯಾ ತನ್ನ ವಿವಾಹಕ್ಕೆಂದು ಮೀಸಲಿದ್ದ ಧನದಲ್ಲಿ ಒಂದು ಪಾಲನ್ನು ಅಣ್ಣನ ವಿದ್ಯೆಗೆ ಧಾರೆಯೆರೆದಳು. ದಾನಗಳಲ್ಲಿ ಇದಕ್ಕೆ ಸಮನಾದುದು ಯಾವುದು!

1843ರಲ್ಲಿ ಅವರು ಬ್ರನೋ ನಗರದ ಸಂತ ಥಾಮಸ್ ಮಠವನ್ನು ಸೇರಿ ಗ್ರೆಗರ್ ಎಂಬ ದೀಕ್ಷಾನಾಮವನ್ನು ಪಡೆದರು. ಅನ್ನದ ಚಿಂತೆ ಅಲ್ಲಿಗೆ ತೀರಿತು. ಶಾಲೆಯೊಂದರಲ್ಲಿ ಬದಲಿ ಉಪಾಧ್ಯಾಯರಾಗಿ ಒಳ್ಳೆಯ ಹೆಸರು ಗಳಿಸಿದ ಅವರು 1850ರಲ್ಲಿ ಖಾಯಂ ನೇಮಕಕ್ಕೆ ಬೇಕಾದ ಪರೀಕ್ಷೆಗೆ ಕುಳಿತರು. ಪ್ರಾಣಿಶಾಸ್ತ್ರ ಹಾಗೂ ಭೂವಿಜ್ಞಾನದ ಉತ್ತರಗಳು ಪರೀಕ್ಷಕರಿಗೆ ತೃಪ್ತಿ ನೀಡಲಿಲ್ಲ. ಸ್ವಂತ ಓದಿನಿಂದ ಸಿದ್ಧರಾದವರಿಗೆ ಕ್ರಮಬದ್ಧ ಶಿಕ್ಷಣದ ಕೊರತೆಯಿತ್ತೆಂಬುದು ನಿಜ. ಮಠಾಧಿಪತಿ ಸಿರಿಲ್ ನಾಪ್ ಅವರು ಈ ಸೋಲನ್ನು ಕಂಡು ಶಿಷ್ಯನನ್ನು ಮೂಲೆಗೆ ತಳ್ಳಲಿಲ್ಲ. 1851ರಲ್ಲಿ ಮಠದ ವೆಚ್ಚದಿಂದಲೇ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ಡಾಪ್ಲರ್ ಅವರಿಂದ ಭೌತಶಾಸ್ತ್ರವನ್ನೂ ಉಂಗರ್ ಅವರಿಂದ ಸಸ್ಯಶಾಸ್ತ್ರವನ್ನೂ ಮೆಂಡೆಲರು ಅಭ್ಯಸಿಸಿದರು. ಗಿಡದ ಮುಂದೆ ಕುಳಿತು ಲೆಕ್ಕ ಹಾಕುವ ಬುದ್ಧಿ ಈ ಎರಡು ವಿದ್ಯೆಗಳ ಸಂಗಮದಿಂದ ಬಂದುದೆಂದೇ ಹೇಳಬೇಕು.

1854ರಿಂದ ಹದಿನಾಲ್ಕು ವರ್ಷ ಅವರು ಬ್ರನೋದ ಪ್ರೌಢಶಾಲೆಯಲ್ಲಿ ಪಾಠ ಹೇಳಿದರು. 1856ರಲ್ಲಿ ಮತ್ತೆ ಪರೀಕ್ಷೆಗೆ ಹೋದರೂ ಅದು ಕೈಗೂಡಲಿಲ್ಲ. ಕಡೆಯವರೆಗೂ ಬದಲಿ ಉಪಾಧ್ಯಾಯರಾಗಿಯೇ ಉಳಿದರು. ಅದೇ ವರ್ಷ ಮಠದ ತೋಟದಲ್ಲಿ ಬಟಾಣಿ ಗಿಡಗಳ ಪ್ರಯೋಗವನ್ನು ಆರಂಭಿಸಿದರು. ಎಂಟು ವರ್ಷಗಳಲ್ಲಿ ಪರಿಶೀಲಿಸಿದ ಗಿಡಗಳು ಸುಮಾರು 28,000. ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡಾಗಿಯೇ ಬಂದವು. ಎರಡನೆಯ ಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು. ಹೆಚ್ಚುಕಡಮೆ ಮೂರಕ್ಕೆ ಒಂದು. ಮರೆಯಾದ ಗುಣ ನಾಶವಾಗುವುದಿಲ್ಲ, ಅಡಗಿದ್ದು ಮರಳಿ ತೋರುತ್ತದೆ ಎಂಬ ತತ್ತ್ವ ಇದರಿಂದ ಸ್ಥಿರಪಟ್ಟಿತು.

1865ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಇದನ್ನು ಓದಿದರು, ಮರುವರ್ಷ ಅಚ್ಚಾಯಿತು. ವಿದ್ವಲ್ಲೋಕ ಕಿವಿಗೊಡಲಿಲ್ಲ.

1868ರಲ್ಲಿ ಮೆಂಡೆಲರೇ ಮಠಾಧಿಪತಿಗಳಾದರು. ಆಡಳಿತದ ಭಾರವೂ, 1874ರ ಕಾನೂನಿನಂತೆ ಮಠಗಳ ಮೇಲೆ ಬಿದ್ದ ತೆರಿಗೆಯ ವಿರುದ್ಧದ ದೀರ್ಘ ಹೋರಾಟವೂ ಸಂಶೋಧನೆಗೆ ಅವಕಾಶವನ್ನು ಉಳಿಸಲಿಲ್ಲ. ತಂಗಿಯ ಋಣವನ್ನು ಮಾತ್ರ ಮರೆಯಲಿಲ್ಲ. ಆಕೆಯ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು. ಅವರಲ್ಲಿ ಇಬ್ಬರು ವೈದ್ಯರಾದರು.

1884ರ ಜನವರಿ 6ರಂದು ಮೆಂಡೆಲರು ದೈವಾಧೀನರಾದರು. ಹದಿನಾರು ವರ್ಷಗಳ ತರುವಾಯ, 1900ರಲ್ಲಿ, ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಎಂಬ ಮೂವರು ಸಸ್ಯವಿಜ್ಞಾನಿಗಳ ಬರಹಗಳ ಮೂಲಕ ಬ್ರನೋ ಸಂಘದ ಆ ಹಳೆಯ ಸಂಪುಟವು ಮತ್ತೆ ಬೆಳಕಿಗೆ ಬಂದಿತು.