ಬರೆದವರ ಬೆನ್ನಿಗೆ ನಿಂತ ಸಂಪಾದಕ

ವೈದ್ಯಕೀಯ ಸಂಶೋಧನೆಯ ಪ್ರಬಂಧಗಳನ್ನು ಯಾರು ಬೇಕಾದರೂ ಹಣ ತೆರದೆ ಓದುವಂತಿರಬೇಕು ಎಂಬ ಬೇಡಿಕೆಗೆ 2002ರ ಬುಡಾಪೆಸ್ಟ್ ಘೋಷಣೆ ಸ್ಪಷ್ಟವಾದ ರೂಪವನ್ನು ಕೊಟ್ಟಿತು. ಅಂದಿನಿಂದ ಮುಕ್ತ ಪ್ರವೇಶದ ಪತ್ರಿಕೆಗಳು ಒಂದರ ಹಿಂದೊಂದರಂತೆ ಹುಟ್ಟಿಕೊಂಡಿವೆ. ಓದುಗನಿಗೆ ಬಾಗಿಲು ತೆರೆದಲ್ಲಿಗೆ ಇಂಥ ಪತ್ರಿಕೆಯೊಂದನ್ನು ಹುಟ್ಟುಹಾಕುವವರ ಕರ್ತವ್ಯ ಮುಗಿಯಿತೆ? ಬರೆಯುವವನ ಕಷ್ಟನಷ್ಟಗಳಲ್ಲಿ ಅವರಿಗೆ ಪಾಲಿಲ್ಲವೆ? ಈ ಪ್ರಶ್ನೆ ಎದುರಾದಾಗಲೆಲ್ಲ ನನಗೆ ನೆನಪಾಗುವುದು ಇನ್ನೂರು ವರ್ಷಗಳ ಹಿಂದಿನ ಲಂಡನ್ನಿನ ಶಸ್ತ್ರವೈದ್ಯ ಥಾಮಸ್ ವೇಕ್ಲಿ. ‘ಲ್ಯಾನ್ಸೆಟ್’ ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ವಾರಪತ್ರಿಕೆಯ ಸ್ಥಾಪಕನೆಂದು ಆತನ ಹೆಸರು ಉಳಿದಿದೆ. ಆತ ಆ ಪತ್ರಿಕೆಯನ್ನು ನಡೆಸಿದ ರೀತಿ ಮಾತ್ರ ಹೆಸರಿನಷ್ಟು ನೆನಪಿನಲ್ಲಿ ಉಳಿದಂತೆ ಕಾಣುವುದಿಲ್ಲ.

ವೇಕ್ಲಿ ಹುಟ್ಟಿದ್ದು 1795ರಲ್ಲಿ, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಮೆಂಬರಿ ಎಂಬ ಹಳ್ಳಿಯಲ್ಲಿ. ತಂದೆ ಅನುಕೂಲಸ್ಥ ರೈತ, ಕಟ್ಟುನಿಟ್ಟಿನ ಮನುಷ್ಯ. ತುಂಬಿದ ಮನೆಯ ಕಿರಿಯ ಮಗನಾದ ವೇಕ್ಲಿ ಟಾಂಟನ್ ಪಟ್ಟಣದ ಔಷಧಿಕಾರನೊಬ್ಬನ ಬಳಿ ಶಿಷ್ಯವೃತ್ತಿಗೆ ಸೇರಿ, ಆಮೇಲೆ ಲಂಡನ್ನಿಗೆ ಬಂದು ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಗಳಲ್ಲಿ ಕಲಿತ. 1817ರಲ್ಲಿ ಶಸ್ತ್ರವೈದ್ಯರ ರಾಯಲ್ ಕಾಲೇಜಿನ ಸದಸ್ಯತ್ವ ಪಡೆದು, ಶ್ರೀಮಂತ ವರ್ತಕನೊಬ್ಬನ ಮಗಳನ್ನು ಮದುವೆಯಾಗಿ, ಆರ್ಗೈಲ್ ಬೀದಿಯ ಒಳ್ಳೆಯ ಮನೆಯಲ್ಲಿ ವೃತ್ತಿ ಆರಂಭಿಸಿದ. ಎಲ್ಲವೂ ಸುಸೂತ್ರವಾಗಿ ನಡೆದಿದ್ದರೆ ಆತ ಲಂಡನ್ನಿನ ನೂರಾರು ಯಶಸ್ವೀ ವೈದ್ಯರಲ್ಲಿ ಒಬ್ಬನಾಗಿ ಬಾಳಿ ಮರೆಯಾಗುತ್ತಿದ್ದ.

ಆದರೆ 1820ರ ಆಗಸ್ಟ್ ತಿಂಗಳ ಒಂದು ರಾತ್ರಿ ದುಷ್ಕರ್ಮಿಗಳು ಮನೆಗೆ ನುಗ್ಗಿ, ಆತನನ್ನು ಥಳಿಸಿ, ಮನೆಗೆ ಬೆಂಕಿ ಹಚ್ಚಿದರು. ಸರ್ಕಾರದ ವಿರುದ್ಧ ಸಂಚು ನಡೆಸಿದ ಕೇಟೋ ಬೀದಿಯ ಐವರನ್ನು ಆ ವರ್ಷದ ಮೇ ತಿಂಗಳಲ್ಲಿ ಗಲ್ಲಿಗೇರಿಸಿ, ಬಳಿಕ ಶಿರಚ್ಛೇದ ಮಾಡಲಾಗಿತ್ತು. ಮುಸುಕು ಧರಿಸಿ ಆ ಕೆಲಸ ಮಾಡಿದವನು ವೈದ್ಯನೇ ಇರಬೇಕೆಂಬ ಗುಮಾನಿ ಊರಲ್ಲಿ ಹಬ್ಬಿ, ಏನೂ ಅರಿಯದ ವೇಕ್ಲಿಯ ಮೇಲೆ ತಿರುಗಿತ್ತು. ವಿಮೆಯ ಕಂಪನಿಯೋ, ಮನೆಗೆ ಆತನೇ ಬೆಂಕಿಯಿಟ್ಟನೆಂದು ಆರೋಪಿಸಿ ಹಣ ಕೊಡಲು ನಿರಾಕರಿಸಿತು. ನ್ಯಾಯಾಲಯದಲ್ಲಿ ವೇಕ್ಲಿ ಗೆದ್ದರೂ ಕಟ್ಟಿಕೊಂಡ ವೃತ್ತಿ ಚೆದುರಿಹೋಗಿತ್ತು. ಸುಳ್ಳು ಮಾತೊಂದು ನಿರಪರಾಧಿಯ ಬದುಕನ್ನು ಹೇಗೆ ಸುಡಬಲ್ಲದು ಎಂಬುದನ್ನೂ, ನ್ಯಾಯಾಲಯದ ಮೆಟ್ಟಿಲು ಹತ್ತಲು ಹೆದರಬೇಕಾಗಿಲ್ಲ ಎಂಬುದನ್ನೂ ಆತ ಇಪ್ಪತ್ತೈದರ ಹರೆಯದಲ್ಲೇ ಕಲಿತ. ಸಂಪಾದಕನಿಗೆ ಇದಕ್ಕಿಂತ ಉತ್ತಮ ಶಿಕ್ಷಣ ಬೇರೆ ಯಾವುದಿದ್ದೀತು ಎಂದು ನನಗೆ ಅನ್ನಿಸುವುದುಂಟು.

ಈ ದಿನಗಳಲ್ಲಿ ನಿರ್ಭೀತ ಪತ್ರಕರ್ತ ವಿಲಿಯಂ ಕಾಬೆಟ್ ಆತನಿಗೆ ಪರಿಚಯನಾದ. ಅಂದಿನ ಲಂಡನ್ನಿನಲ್ಲಿ ಶಸ್ತ್ರವೈದ್ಯವನ್ನು ಕಲಿಸುವ ಅಧಿಕಾರ ಕೆಲವೇ ದೊಡ್ಡ ಆಸ್ಪತ್ರೆಗಳ ಕೆಲವೇ ಪ್ರತಿಷ್ಠಿತರ ಕೈಯಲ್ಲಿತ್ತು. ಹುದ್ದೆಗಳು ಬಂಧುಗಳಿಗೂ ಹಣ ತೆತ್ತು ಶಿಷ್ಯರಾದವರಿಗೂ ಹೋಗುತ್ತಿದ್ದವು. ವಿದ್ಯಾರ್ಥಿಗಳು ಭಾರಿ ಶುಲ್ಕ ಕೊಟ್ಟು ಉಪನ್ಯಾಸ ಕೇಳಬೇಕಿತ್ತು. ಹಳ್ಳಿಗಾಡಿನಲ್ಲಿ ವೃತ್ತಿ ಮಾಡುವ ವೈದ್ಯನಿಗೆ ಹೊಸ ವಿಚಾರಗಳು ತಿಳಿಯುವ ದಾರಿಯೇ ಇರಲಿಲ್ಲ. ಆಸ್ಪತ್ರೆಯೊಳಗೆ ರೋಗಿ ಬದುಕಿದನೆ, ಸತ್ತನೆ, ಏಕೆ ಸತ್ತ ಎಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. 1823ರ ಅಕ್ಟೋಬರ್ 5ರಂದು ಆರು ಪೆನ್ನಿ ಬೆಲೆಯ ಲ್ಯಾನ್ಸೆಟ್ ಹೊರಬಂದದ್ದು ಈ ಮುಚ್ಚಿದ ಕೋಟೆಯ ಮೇಲೆ ನಡೆದ ಮೊದಲ ಆಕ್ರಮಣ. ಲ್ಯಾನ್ಸೆಟ್ ಎಂದರೆ ಶಸ್ತ್ರವೈದ್ಯನ ಚೂಪು ಚೂರಿಯೂ ಹೌದು, ಬೆಳಕನ್ನು ಒಳಬಿಡುವ ಕಮಾನು ಕಿಟಕಿಯೂ ಹೌದು. ಪತ್ರಿಕೆ ಎರಡೂ ಅರ್ಥಗಳಿಗೆ ತಕ್ಕಂತೆ ನಡೆದುಕೊಂಡಿತು.

ಮೊದಲ ಸಂಚಿಕೆಯಿಂದಲೇ ಪ್ರಖ್ಯಾತ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರ್ ಅವರ ಉಪನ್ಯಾಸಗಳನ್ನು ಅವರ ಅನುಮತಿಗೆ ಕಾಯದೆ ವೇಕ್ಲಿ ಅಚ್ಚುಹಾಕತೊಡಗಿದ. ಯಾರ ಕೆಲಸವಿದು ಎಂದು ಪತ್ತೆ ಹಚ್ಚುತ್ತಾ ಬಂದ ಕೂಪರ್, ತಮ್ಮದೇ ಉಪನ್ಯಾಸದ ಕರಡಚ್ಚನ್ನು ತಿದ್ದುತ್ತಾ ಕುಳಿತಿದ್ದ ಹಳೆಯ ಶಿಷ್ಯನನ್ನು ಕಂಡು ನಕ್ಕು, ತಮ್ಮ ಹೆಸರು ಹಾಕದಿದ್ದರೆ ಸಾಕೆಂದು ಒಪ್ಪಿಬಿಟ್ಟರು. ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ಜಾನ್ ಅಬರ್ನೆಥಿ ಹಾಗೆ ನಗಲಿಲ್ಲ. 1824ರ ಕೊನೆಯಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. ಮರುವರ್ಷ ತಡೆಯಾಜ್ಞೆ ಸಿಕ್ಕಿತಾದರೂ ಅದೇ ವರ್ಷ ಅದು ತೆರವಾಯಿತು. ಸಾರ್ವಜನಿಕ ಆಸ್ಪತ್ರೆಯಲ್ಲಿ ಹುದ್ದೆ ಹಿಡಿದವರು ಆಡುವ ಪಾಠ ಸಾರ್ವಜನಿಕರ ಸ್ವತ್ತು ಎಂಬುದು ವೇಕ್ಲಿಯ ವಾದ. ಇಂದಿನ ಮುಕ್ತ ಪ್ರವೇಶ ಚಳವಳಿ, ತೆರಿಗೆಯ ಹಣದಿಂದ ನಡೆದ ಸಂಶೋಧನೆ ತೆರಿಗೆ ಕೊಟ್ಟವರಿಗೆ ಸಿಗಬೇಕೆಂದು ಹೇಳುವಾಗ ಅದೇ ವಾದವನ್ನು ಮತ್ತೆ ಮುಂದಿಡುತ್ತಿದೆ. ಆದರೆ ಉಪನ್ಯಾಸಕಾರನ ಒಪ್ಪಿಗೆಯಿಲ್ಲದೆ ಅವನ ಮಾತನ್ನು ಅಚ್ಚುಹಾಕಿದ್ದು ಸರಿಯೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ವೇಕ್ಲಿಯ ಪತ್ರಿಕೆ ಲೇಖಕರ ಹಕ್ಕನ್ನು ಮೀರಿ ಹುಟ್ಟಿತು. ಲೇಖಕರ ರಕ್ಷಣೆಯನ್ನು ಕಲಿತದ್ದು ಆಮೇಲೆ.

ಆ ಕಲಿಕೆಯ ಕಠಿಣ ಪರೀಕ್ಷೆ 1828ರಲ್ಲಿ ಬಂತು. ಗೈಸ್ ಆಸ್ಪತ್ರೆಯಲ್ಲಿ ಆಸ್ಟ್ಲಿ ಕೂಪರ್ ಅವರ ಸೋದರಸಂಬಂಧದ ಮಗ ಬ್ರಾನ್ಸ್‌ಬಿ ಕೂಪರ್, ಕೃಷಿಕಾರ್ಮಿಕನೊಬ್ಬನ ಮೂತ್ರಕೋಶದ ಕಲ್ಲು ತೆಗೆಯಲು ಶಸ್ತ್ರಚಿಕಿತ್ಸೆ ನಡೆಸಿದರು. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ನುರಿತ ಕೈಗಳು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಿದ್ದ ಈ ಕೆಲಸ ಸುಮಾರು ಒಂದು ಗಂಟೆ ನಡೆಯಿತು. ಕಟ್ಟಿಹಾಕಿದ್ದ ರೋಗಿ ನರಳಿ ನರಳಿ ಮರುದಿನ ಸತ್ತ. ಅಲ್ಲಿದ್ದ ಜೇಮ್ಸ್ ಲ್ಯಾಂಬರ್ಟ್ ಎಂಬ ವರದಿಗಾರ ಕಂಡದ್ದನ್ನೆಲ್ಲ ಬರೆದ. ಲ್ಯಾನ್ಸೆಟ್ ಅದನ್ನು ಅಂಕಗಳುಳ್ಳ ದುರಂತ ನಾಟಕದ ರೂಪದಲ್ಲಿ ಪ್ರಕಟಿಸಿತು. ಬಂಧುತ್ವದ ಬಲದಿಂದ ಹುದ್ದೆಗೆ ಬಂದವರ ಕೈಗೆ ಬಡವರ ಜೀವವನ್ನು ಒಪ್ಪಿಸಲಾಗಿದೆ ಎಂಬುದು ಅದರ ತಿರುಳು. ಬ್ರಾನ್ಸ್‌ಬಿ ಕೂಪರ್ 2,000 ಪೌಂಡ್ ಪರಿಹಾರ ಕೋರಿ ಮಾನನಷ್ಟ ಮೊಕದ್ದಮೆ ಹೂಡಿದರು.

ವರದಿ ಬರೆದವನು ಬೇರೆಯವನೆಂದು ಹೇಳಿ ವೇಕ್ಲಿ ನುಣುಚಿಕೊಳ್ಳಬಹುದಿತ್ತು. ಕ್ಷಮೆ ಕೇಳಿ ರಾಜಿಯಾಗಬಹುದಿತ್ತು. ಆತ ವಕೀಲರನ್ನೂ ಬದಿಗಿಟ್ಟು ತಾನೇ ನ್ಯಾಯಾಲಯದಲ್ಲಿ ನಿಂತು, ವರದಿಯ ಸತ್ಯವನ್ನು ಸಮರ್ಥಿಸಿದ. ಆ ವರ್ಷದ ಡಿಸೆಂಬರಿನಲ್ಲಿ ಜ್ಯೂರಿ ಕೂಪರ್ ಪರವಾಗಿ ತೀರ್ಪಿತ್ತರೂ ಕೊಡಿಸಿದ್ದು ಕೇವಲ 100 ಪೌಂಡ್. ಮೊಕದ್ದಮೆಯ ಖರ್ಚನ್ನು ಬೆಂಬಲಿಗರು ವಂತಿಗೆ ಎತ್ತಿ ತುಂಬಿಕೊಟ್ಟರು. ಪತ್ರಿಕೆಯ ಮೊದಲ ಹತ್ತು ವರ್ಷಗಳಲ್ಲಿ ವೇಕ್ಲಿ ಇಂಥ ಮೊಕದ್ದಮೆಗಳನ್ನು ಮತ್ತೆ ಮತ್ತೆ ಎದುರಿಸಬೇಕಾಯಿತು. ನಾಟಕದ ಧಾಟಿ ಅತಿಯಾಯಿತು ಎಂದು ಇಂದಿನ ಓದುಗ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ತನ್ನ ಪತ್ರಿಕೆಗೆ ಬರೆದವನ ಅಪಾಯವನ್ನು ಸಂಪಾದಕ ತನ್ನ ಹೆಗಲಿಗೆ ತೆಗೆದುಕೊಂಡ ಬಗೆ ಗಮನಾರ್ಹ. ಬರೆದವನೊಬ್ಬನೇ ಬೀದಿಗೆ ಬೀಳುವಂತಿದ್ದರೆ ಆಸ್ಪತ್ರೆಗಳೊಳಗಿನ ಸತ್ಯವನ್ನು ಬರೆಯಲು ಯಾರು ಮುಂದೆ ಬರುತ್ತಿದ್ದರು?

ಮುಂದೆ ವೇಕ್ಲಿಯ ಕಾರ್ಯಕ್ಷೇತ್ರ ಹಿಗ್ಗಿತು. 1835ರಲ್ಲಿ ಫಿನ್ಸ್‌ಬರಿ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾಗಿ 1852ರವರೆಗೆ ಅಲ್ಲಿದ್ದ. ಸಂಘ ಕಟ್ಟಿದ ತಪ್ಪಿಗೆ ಆಸ್ಟ್ರೇಲಿಯಕ್ಕೆ ಗಡೀಪಾರಾಗಿದ್ದ ಟಾಲ್‌ಪಡಲ್‌ನ ಆರು ಮಂದಿ ಕೂಲಿಕಾರರ ಪರವಾಗಿ ಸದನದಲ್ಲಿ ದೀರ್ಘವಾಗಿ ಮಾತಾಡಿದ. ಮರುವರ್ಷ ಅವರಿಗೆ ಕ್ಷಮಾದಾನ ಸಿಕ್ಕಿತು. ಸಂಶಯಾಸ್ಪದ ಸಾವುಗಳ ವಿಚಾರಣೆ ನಡೆಸುವ ಕರೋನರ್ ಹುದ್ದೆಯಲ್ಲಿ ವೈದ್ಯರಿರಬೇಕೆಂದು ವಾದಿಸಿ, 1839ರಲ್ಲಿ ಪಶ್ಚಿಮ ಮಿಡಲ್‌ಸೆಕ್ಸ್‌ನ ಕರೋನರ್ ಆದ. 1846ರಲ್ಲಿ 150 ಛಡಿ ಏಟು ತಿಂದ ಸೈನಿಕನೊಬ್ಬ ಕೆಲವು ವಾರಗಳ ನಂತರ ಸತ್ತಾಗ, ಸೇನೆಯ ವೈದ್ಯರು ಬೇರೆ ಕಾರಣ ಹೇಳಿದರೂ ಒಪ್ಪದೆ, ಏಟುಗಳೇ ಸಾವಿಗೆ ಕಾರಣವೆಂದು ಜ್ಯೂರಿಯ ಮೂಲಕ ದಾಖಲಿಸಿದ. ಅದೇ ವರ್ಷ ಸೇನೆಯಲ್ಲಿ ಛಡಿ ಏಟಿನ ಮಿತಿಯನ್ನು 50ಕ್ಕೆ ಇಳಿಸಲಾಯಿತು.

ಇಷ್ಟೆಲ್ಲದರ ನಡುವೆಯೂ ಸಂಶೋಧಕನೊಬ್ಬನಿಗೆ ಪತ್ರಿಕೆ ಹೇಗೆ ಆಸರೆಯಾಗಬಲ್ಲದೆಂದು ವೇಕ್ಲಿ ತೋರಿದ್ದು 1851ರಲ್ಲಿ. ಆರ್ಥರ್ ಹಿಲ್ ಹ್ಯಾಸಲ್ ಎಂಬ ವೈದ್ಯ ಸೂಕ್ಷ್ಮದರ್ಶಕದಡಿ ಕಾಫಿಪುಡಿಯನ್ನು ಪರೀಕ್ಷಿಸಿ, ಅದರಲ್ಲಿ ಚಿಕೋರಿ ಬೆರಕೆಯಾಗಿದೆಯೆಂದು ಕಂಡುಹಿಡಿದಿದ್ದ. ವೇಕ್ಲಿ ಆತನನ್ನು ಕರೆದು ಲ್ಯಾನ್ಸೆಟ್ ಹೆಸರಿನಲ್ಲೇ ವಿಶ್ಲೇಷಣಾ ಆಯೋಗವೊಂದನ್ನು ರಚಿಸಿದ. 1854ರವರೆಗೆ ಲಂಡನ್ನಿನ ಅಂಗಡಿಗಳಿಂದ ಕೊಂಡುತಂದ ಎರಡು ಸಾವಿರಕ್ಕೂ ಹೆಚ್ಚು ಮಾದರಿಗಳ ಪರೀಕ್ಷೆ ನಡೆಯಿತು. ಬ್ರೆಡ್ಡಿನಲ್ಲಿ ಪಟಿಕ, ಸಾಸಿವೆಪುಡಿಯಲ್ಲಿ ಗೋಧಿಹಿಟ್ಟು ಮತ್ತು ಅರಿಸಿನ, ಮಕ್ಕಳ ಮಿಠಾಯಿಯಲ್ಲಿ ಸೀಸದ ಬಣ್ಣ ಕಂಡುಬಂದವು. ಕಲಬೆರಕೆ ಮಾಡಿದ ಅಂಗಡಿಕಾರರ ಹೆಸರು, ವಿಳಾಸಗಳನ್ನು ಲ್ಯಾನ್ಸೆಟ್ ಅಚ್ಚುಹಾಕಿತು. ಶುದ್ಧ ಸರಕು ಮಾರಿದವರ ಹೆಸರನ್ನೂ ಅಷ್ಟೇ ನಿಷ್ಠೆಯಿಂದ ಅಚ್ಚುಹಾಕಿತು. ಒಬ್ಬ ವೈದ್ಯ ತನ್ನಷ್ಟಕ್ಕೆ ತಾನೇ ಇದನ್ನು ಮಾಡಹೊರಟಿದ್ದರೆ ಮೊದಲ ಮೊಕದ್ದಮೆಯಲ್ಲೇ ಮುಳುಗಿಹೋಗುತ್ತಿದ್ದ. ಪತ್ರಿಕೆ ಬೆನ್ನಿಗಿದ್ದುದರಿಂದ ಹ್ಯಾಸಲ್ ಗಟ್ಟಿಯಾಗಿ ನಿಂತ. ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಿ, 1860ರಲ್ಲಿ ಬ್ರಿಟನ್ನಿನ ಮೊದಲ ಸಾಮಾನ್ಯ ಕಲಬೆರಕೆ ತಡೆ ಕಾಯಿದೆ ಬಂತು.

ಬೆಂಬಲವೆಂದರೆ ಕುರುಡು ಬೆಂಬಲವಾಗಿರಲಿಲ್ಲ. ಜಾನ್ ಎಲಿಯಟ್ಸನ್ ಎಂಬ ಗೌರವಾನ್ವಿತ ವೈದ್ಯನ ಉಪನ್ಯಾಸಗಳನ್ನು ಪ್ರಕಟಿಸಿದ ವೇಕ್ಲಿಯೇ, ಆತ ಸಮ್ಮೋಹನ ಚಿಕಿತ್ಸೆಯ ಪವಾಡಗಳನ್ನು ನಂಬತೊಡಗಿದಾಗ 1838ರಲ್ಲಿ ತನ್ನ ಮನೆಯಲ್ಲಿ ಪರೀಕ್ಷೆ ಏರ್ಪಡಿಸಿದ. ನಿಕ್ಕಲ್ ಲೋಹ ತಗುಲಿದರೆ ಪರವಶಳಾಗುತ್ತಾಳೆ ಎನ್ನಲಾದ ಯುವತಿಗೆ ಗೊತ್ತಾಗದಂತೆ ಸೀಸವನ್ನು ಮುಟ್ಟಿಸಿದಾಗಲೂ ಅವಳು ಪರವಶಳಾದಳು. ಫಲಿತಾಂಶವನ್ನು ಪತ್ರಿಕೆ ಮುಲಾಜಿಲ್ಲದೆ ಪ್ರಕಟಿಸಿತು. ಆದರೆ ಅದೇ ಪತ್ರಿಕೆ ಎಡವಿದ್ದೂ ಉಂಟು. ಕಾಲರಾ ಹರಡುವುದು ಕಲುಷಿತ ನೀರಿನಿಂದ ಎಂದು ತೋರಿಸಿದ ಜಾನ್ ಸ್ನೋ, ಕಾರ್ಖಾನೆಗಳ ದುರ್ನಾತ ರೋಗಕಾರಕವಲ್ಲವೆಂದು 1855ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೇಳಿದಾಗ ಲ್ಯಾನ್ಸೆಟ್ ಅವರನ್ನು ಕಟುವಾಗಿ ಗೇಲಿ ಮಾಡಿತು. 1858ರಲ್ಲಿ ಅವರು ತೀರಿಕೊಂಡಾಗ ಬರೆದ ಕೆಲವೇ ಸಾಲುಗಳಲ್ಲಿ ಕಾಲರಾ ಸಂಶೋಧನೆಯ ಮಾತೇ ಇರಲಿಲ್ಲ. ಪತ್ರಿಕೆ ಆ ಲೋಪವನ್ನು ಸರಿಪಡಿಸಿದ್ದು 2013ರಲ್ಲಿ. ಪ್ರತಿಷ್ಠಿತರ ಕೋಟೆಯನ್ನು ಒಡೆಯಲು ಹುಟ್ಟಿದ ಪತ್ರಿಕೆ ಮೂರೇ ದಶಕಗಳಲ್ಲಿ ತಾನೇ ಒಂದು ಪ್ರತಿಷ್ಠೆಯಾಗಿ, ಒಂಟಿ ಸಂಶೋಧಕನ ದನಿಯನ್ನು ಕೇಳದಾಯಿತು. ಇದಕ್ಕಿಂತ ದೊಡ್ಡ ಎಚ್ಚರಿಕೆ ಇಂದಿನ ಸಂಪಾದಕರಿಗೆ ಬೇಕಿಲ್ಲ.

ದುಡಿದು ದಣಿದ ವೇಕ್ಲಿ ಶ್ವಾಸಕೋಶದ ಕಾಯಿಲೆಗೆ ತುತ್ತಾಗಿ, ಹವೆಗಾಗಿ ಹೋಗಿದ್ದ ಮದೀರಾ ದ್ವೀಪದಲ್ಲಿ 1862ರ ಮೇ 16ರಂದು ಕೊನೆಯುಸಿರೆಳೆದ. ಆತನ ನಂತರ ಮಕ್ಕಳು ಪತ್ರಿಕೆ ನಡೆಸಿದರು. 1991ರಲ್ಲಿ ಅದು ಎಲ್ಸೆವಿಯರ್ ಎಂಬ ಬೃಹತ್ ಪ್ರಕಾಶನ ಸಂಸ್ಥೆಯ ಕೈಸೇರಿತು. ಆರು ಪೆನ್ನಿಗೆ ಸಿಗಬೇಕೆಂಬ ಹಟದಿಂದ ಹುಟ್ಟಿದ ಪತ್ರಿಕೆಯ ಅನೇಕ ಪ್ರಬಂಧಗಳನ್ನು ಇಂದು ಚಂದಾದಾರನಲ್ಲದ ವೈದ್ಯ ದುಬಾರಿ ಬೆಲೆ ತೆತ್ತು ಓದಬೇಕು. ಅದರ ಬಳಗದಲ್ಲೇ 2013ರಲ್ಲಿ ಎಲ್ಲರಿಗೂ ಮುಕ್ತವಾದ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಆರಂಭವಾಯಿತು, ನಿಜ. ಆದರೆ ಅಲ್ಲಿ ವೆಚ್ಚದ ಭಾರ ಓದುಗನಿಂದ ಲೇಖಕನ ಕಡೆಗೆ ಸರಿದಿದೆ.

ನನ್ನ ಕಳವಳ ಇರುವುದು ಇಲ್ಲಿಯೇ. ಮುಕ್ತ ಪ್ರವೇಶದ ಹೆಸರಿನಲ್ಲಿ ಬಹಳಷ್ಟು ಪತ್ರಿಕೆಗಳು ಬರೆಯುವವರಿಂದ ಶುಲ್ಕ ಪಡೆಯುತ್ತವೆ. ದೊಡ್ಡ ಅನುದಾನವಿರುವ ಸಂಶೋಧಕನಿಗೆ ಅದು ಹೊರೆಯಲ್ಲ. ಜಿಲ್ಲಾಸ್ಪತ್ರೆಯಲ್ಲಿ ರೋಗಿಗಳನ್ನು ನೋಡುತ್ತಲೇ ತಾನು ಕಂಡದ್ದನ್ನು ದಾಖಲಿಸುವ ವೈದ್ಯನಿಗೆ ಅದು ತಿಂಗಳುಗಳ ಸಂಬಳ. ಕೆಲವು ಪತ್ರಿಕೆಗಳು ವಿನಾಯಿತಿ ಕೊಡುತ್ತವೆ. ಕೆಲವು ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚುಹಾಕುವ ಅಂಗಡಿಗಳೇ ಆಗಿವೆ. ಕೇಂದ್ರ ಸರ್ಕಾರ 2025ರಲ್ಲಿ ಜಾರಿಗೊಳಿಸಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದದ್ದು ಸ್ವಾಗತಾರ್ಹ. ಆದರೆ ಖಾಸಗಿ ವೈದ್ಯಕೀಯ ಕಾಲೇಜುಗಳೇ ಹೆಚ್ಚಿರುವ ಕರ್ನಾಟಕದಂಥ ರಾಜ್ಯದಲ್ಲಿ ಮೊದಲ ಹಂತದ ಈ ಅನುಕೂಲದಿಂದ ಹೊರಗುಳಿದವರು ಕಡಿಮೆಯೇನಲ್ಲ. ಅದಕ್ಕೂ ಮಿಗಿಲಾಗಿ, ಓದಲು ಕೊಳ್ಳುವ ಪತ್ರಿಕೆಗಳಿಗೆ ಸುರಿಯುವ ಹಣದ ಒಂದು ಪಾಲನ್ನಾದರೂ ಓದುಗನಿಂದಲೂ ಲೇಖಕನಿಂದಲೂ ಹಣ ಕೇಳದ ನಮ್ಮವೇ ಪತ್ರಿಕೆಗಳನ್ನು ಬೆಳೆಸಲು ಏಕೆ ಬಳಸಬಾರದು?

ಹಾಗೆ ಹುಟ್ಟುವ ಪತ್ರಿಕೆ ಹೊಸಬನ ಬರಹವನ್ನು ತಿದ್ದಿ ಕಲಿಸಬೇಕು, ಅಂಕಿಅಂಶಗಳ ಪರಿಶೀಲನೆಗೆ ನೆರವಾಗಬೇಕು. ಔಷಧ ಕಂಪನಿಯೋ ಆಸ್ಪತ್ರೆಯ ಆಡಳಿತವೋ ವಕೀಲರ ನೋಟೀಸು ಕಳಿಸಿದಾಗ ಲೇಖಕನೊಬ್ಬನನ್ನೇ ಮುಂದೆ ಬಿಟ್ಟು ಹಿಂದೆ ಸರಿಯಬಾರದು. ಬೆಲೆ ಇಳಿಸಿ ಓದುಗರನ್ನು ಒಳಗೆ ಕರೆದ ವೇಕ್ಲಿ, ಕಟಕಟೆಯಲ್ಲಿ ತಾನು ನಿಂತು ಲೇಖಕರನ್ನು ಉಳಿಸಿಕೊಂಡ. ಇವೆರಡರಲ್ಲಿ ಮೊದಲನೆಯದನ್ನು ಮಾತ್ರ ಮಾಡಿ ಮುಕ್ತ ಪ್ರವೇಶವೆಂದು ಕರೆದುಕೊಳ್ಳುವ ಪತ್ರಿಕೆ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.