ನಡೆದು ನಕ್ಷೆ ಬರೆದ ರಾಬರ್ಟ್ ಬ್ರೂಸ್ ಫೂಟ್

ಕಲಬುರಗಿ ಸೀಮೆಯ ಬಹಳಷ್ಟು ಶಾಲೆಗಳ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಅದು ಸುಣ್ಣಕಲ್ಲು, ಬಹಳ ಹಿಂದೆ ನೀರಿನ ತಳದಲ್ಲಿ ಪದರಪದರವಾಗಿ ಕೂಡಿದ ಜಲಜಶಿಲೆ. ಭೀಮಾ ಕಣಿವೆಯ ಇಂಥ ಶಿಲೆಗಳನ್ನು ನೋಡಿ ಬರೆದಿಟ್ಟ ಆರಂಭಿಕ ಭೂವಿಜ್ಞಾನಿಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಒಬ್ಬರು.

ಫೂಟ್ 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರದಲ್ಲಿ ಅವರಿಗೆ ಹಳೆ ಶಿಲಾಯುಗದ ಆಯುಧ ಸಿಕ್ಕಿತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಲ್ಲಿಂದ ಮೊದಲಾಯಿತು. 1876ರಲ್ಲಿ ಪ್ರಕಟವಾದ ಅವರ ದೊಡ್ಡ ವರದಿಯಲ್ಲಿ ಕಲಾದಗಿ ಮತ್ತು ಭೀಮಾ ಶಿಲಾಸರಣಿಗಳ ವಿವರಣೆ ಇದೆ. ಸುತ್ತಿಗೆ, ದಿಕ್ಸೂಚಿ, ಟಿಪ್ಪಣಿ ಪುಸ್ತಕ ಇವೇ ಅವರ ಸಾಧನಗಳು. 1891ರಲ್ಲಿ ನಿವೃತ್ತರಾದ ಮೇಲೆ ಬರೋಡಾದಲ್ಲಿ, ಅನಂತರ ಮೈಸೂರು ಸಂಸ್ಥಾನದ ಹೊಸ ಭೂವಿಜ್ಞಾನ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. 1912ರಲ್ಲಿ ತೀರಿಕೊಂಡರು.

ಇಂದು ಅದೇ ನೆಲವನ್ನು ಉಪಗ್ರಹ ನೋಡುತ್ತದೆ. ಭಾರತದ ಐಆರ್‌ಎಸ್ ಸರಣಿಯ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಹಾರಿದ್ದು 1988ರಲ್ಲಿ. 1999ರಲ್ಲಿ ಹಾರಿದ ಟೆರಾ ಉಪಗ್ರಹದ ಆಸ್ಟರ್ ಉಪಕರಣ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಅಳೆಯಿತು. ಸುಣ್ಣಕಲ್ಲಿನ ಕ್ಯಾಲ್ಸೈಟ್ ಸುಮಾರು 2.33 ಮೈಕ್ರೋಮೀಟರ್ ಅಲೆಯುದ್ದದ ಬೆಳಕನ್ನು ಹೀರುತ್ತದೆ. ಜೇಡಿ ಖನಿಜಗಳು ಸುಮಾರು 2.2ರಲ್ಲಿ ಹೀರುತ್ತವೆ. ಈ ಅಂತರದಿಂದ ಸುಣ್ಣಕಲ್ಲನ್ನೂ ಜೇಡಿಪದರುಗಲ್ಲನ್ನೂ ಬೇರ್ಪಡಿಸಬಹುದು.

ಹಾಗಾದರೆ ಫೂಟ್ ಅವರ ವಿಧಾನ ಹಳತಾಯಿತೇ? ಇಲ್ಲ. ಉಪಗ್ರಹಕ್ಕೆ ಕಾಣುವುದು ನೆಲದ ಮೇಲ್ಪದರ ಮಾತ್ರ. ಕೋಟನೂರಿನ ಸುತ್ತ ಅದಕ್ಕೆ ಕಾಣುವುದು ಎರೆಮಣ್ಣು ಮತ್ತು ಬೆಳೆ, ಕೆಳಗಿನ ಕಲ್ಲಲ್ಲ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಇರುವುದು ಸ್ತರಭಂಗದ ಉದ್ದಕ್ಕೆ ನೆಲದಡಿಯಲ್ಲಿ. ಅಂಥ ಭಂಗದ ಗೆರೆಯನ್ನು ಚಿತ್ರ ಸೂಚಿಸಬಹುದು. ಅದಿರು ಇದೆಯೆಂದು ತಿಳಿಯಲು ಕೊರೆಯಲೇಬೇಕು. ಆದ್ದರಿಂದ ಉಪಗ್ರಹ ನಕ್ಷೆಯನ್ನು ಸ್ಥಳಕ್ಕೆ ಹೋಗಿ ತಾಳೆ ನೋಡದೆ ಯಾರೂ ಪೂರ್ಣವೆನ್ನುವುದಿಲ್ಲ.

ಪ್ರಶಿಕ್ಷಣಾರ್ಥಿಗಳು ಪಾಠಯೋಜನೆಯಲ್ಲಿ ಇದೇ ಕ್ರಮವನ್ನು ಇಟ್ಟುಕೊಳ್ಳಬಹುದು. ಪ್ರೊಜೆಕ್ಟರ್ ಹಚ್ಚುವ ಮೊದಲು ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ಶಹಾಬಾದ್ ಕಲ್ಲಿನ ಚೂರು ಒಂದು, ಹೊಲದ ಬದುವಿನ ಕರಿಕಲ್ಲು ಒಂದು ಆರಿಸಿ ತರಲಿ. ಶಿಕ್ಷಕರೇ ಎರಡರ ಮೇಲೂ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಲಿ. ಯಾವುದು ನೊರೆಯುತ್ತದೆಂದು ಮಕ್ಕಳು ಬರೆದುಕೊಳ್ಳಲಿ. ಆಮೇಲೆ ಉಪಗ್ರಹ ಚಿತ್ರ ತೋರಿಸಿ, ಯಾವ ಬಣ್ಣ ಯಾವ ಕಲ್ಲಿನದಿರಬಹುದು, ಅದನ್ನು ಪರೀಕ್ಷಿಸಲು ಎಲ್ಲಿಗೆ ಹೋಗಬೇಕು ಎಂದು ಕೇಳಿ.